ಫ್ರಾನ್ಸ್‌ನ ಹಳ್ಳಿಗಾಡಿನಲ್ಲಿ ವಾಹನಗಳ ಕಾಟವಿಲ್ಲದ ಸೈಕಲ್ ಪ್ರವಾಸ: ಯಾವುದು ಮೊದಲು, ಯಾವುದು ಆಮೇಲೆ

"ಟ್ರಾಫಿಕ್ಕೇ ಇರಲ್ಲ ಅಂದಿದ್ರಿ. ಎರಡನೇ ದಿನವೇ ಲಾರಿಗಳ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ತುಳಿದೆವು." ಈ ದೂರು ನನಗೆ ಮತ್ತೆ ಮತ್ತೆ ಬರುತ್ತದೆ. ಬೆಂಗಳೂರಿನಿಂದ ಹೋದವರು, ಜರ್ಮನಿ, ನೆದರ್‌ಲ್ಯಾಂಡ್ಸ್‌ನಲ್ಲಿ ನೆಲೆಸಿರುವ ನಮ್ಮವರು, ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಕಥೆ. ಮೊದಲು ವಿಮಾನದ ಟಿಕೆಟ್ ತೆಗೆದಿರುತ್ತಾರೆ. ಆಮೇಲೆ ಚೆಂದದ ಊರುಗಳ ಪಟ್ಟಿ ಮಾಡಿರುತ್ತಾರೆ. ಕೊನೆಗೆ ಆ ಊರುಗಳ ನಡುವೆ ಫೋನ್ ತೋರಿಸಿದ ದಾರಿ ಹಿಡಿದಿರುತ್ತಾರೆ.

ಈ ಕ್ರಮವೇ ತಿರುಗುಮುರುಗು. ಮೊದಲು ದಾರಿ ಗೊತ್ತಾಗಬೇಕು. ಆಮೇಲೆ ರೈಲು, ತಂಗುವ ಊರು. ಅವೆಲ್ಲ ಆದ ಮೇಲೆ ವಿಮಾನದ ಟಿಕೆಟ್, ಆಮೇಲೆ ಸೈಕಲ್. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ. ನೈಋತ್ಯ ಫ್ರಾನ್ಸ್‌ನ ಬೋರ್ಡೋ ನಗರದಿಂದ ತುಲೂಸ್ ನಗರದವರೆಗಿನ ಗರೋನ್ ಕಾಲುವೆಯ ದಾರಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಮೊದಲ ಸಲ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಹಂತ 1: ಎರಡು ಪದಗಳ ವ್ಯತ್ಯಾಸ ತಿಳಿಯಿರಿ

ಫ್ರಾನ್ಸ್‌ನಲ್ಲಿ ಸೈಕಲ್ ದಾರಿಗಳಿಗೆ ಮುಖ್ಯವಾಗಿ ಎರಡು ಹೆಸರು. ಒಂದು 'ವಾ ವೆರ್ತ್', ಅಂದರೆ ಹಸಿರು ದಾರಿ. ಇದು ನಡೆಯುವವರಿಗೆ, ಸೈಕಲ್‌ನವರಿಗೆ, ಕೆಲವು ಕಡೆ ಕುದುರೆ ಸವಾರರಿಗೆ ಮಾತ್ರ. ಮೋಟಾರು ವಾಹನ ಬರುವಂತಿಲ್ಲ. ಹೆಚ್ಚಿನವು ಹಳೇ ರೈಲು ಹಳಿ ಕಿತ್ತ ಜಾಗ ಅಥವಾ ಕಾಲುವೆಯ ಏರಿ. ಹಾಗಾಗಿ ಏರು ಕಡಿಮೆ.

ಇನ್ನೊಂದು 'ವೆಲೊರೂಟ್'. ಇದು ದೂರದ ಸೈಕಲ್ ಮಾರ್ಗ. ಇದರಲ್ಲಿ ಹಸಿರು ದಾರಿಯೂ ಇರುತ್ತದೆ, ಕಾರು ಓಡುವ ಹಳ್ಳಿ ರಸ್ತೆಯೂ ಇರುತ್ತದೆ. ಲ್ವಾರ್ ನದಿಯ ಸುಮಾರು 900 ಕಿ.ಮೀ. ಮಾರ್ಗ ಬಹಳ ಪ್ರಸಿದ್ಧ, ನಿಜಕ್ಕೂ ಚೆನ್ನಾಗಿದೆ. ಆದರೆ ಅದು ವೆಲೊರೂಟ್. ಅಲ್ಲಲ್ಲಿ ರಸ್ತೆಗೆ ಇಳಿಯಲೇಬೇಕು. 'ಎಲ್ಲಾ ಸೈಕಲ್ ಮಾರ್ಗವೂ ವಾಹನಮುಕ್ತ' ಅಂದುಕೊಂಡವರು ಮೋಸ ಹೋಗುವುದು ಇಲ್ಲೇ.

ಗುರುತು ಸುಲಭ. ನೀಲಿ ಚೌಕದ ಫಲಕದಲ್ಲಿ ನಡೆಯುವವರ ಮತ್ತು ಸೈಕಲ್ ಚಿತ್ರ ಇದ್ದರೆ ಹಸಿರು ದಾರಿ ಶುರು. ಅದೇ ಫಲಕಕ್ಕೆ ಕೆಂಪು ಅಡ್ಡಗೆರೆ ಬಿದ್ದಿದ್ದರೆ ದಾರಿ ಮುಗಿಯಿತು, ಮುಂದೆ ಕಾರು ಬರುತ್ತವೆ ಅಂತ ಅರ್ಥ. ಬಿಳಿ ಹಲಗೆಯ ಮೇಲೆ ಹಸಿರು ಸೈಕಲ್ ಇದ್ದರೆ ಅದು ದಿಕ್ಕು ತೋರಿಸುವ ಫಲಕ ಅಷ್ಟೇ. ಅದು ವಾಹನವಿಲ್ಲ ಅನ್ನುವ ಭರವಸೆ ಅಲ್ಲ.

ಹಂತ 2: ಪಕ್ಕದಲ್ಲೇ ರೈಲು ಇರುವ ದಾರಿ ಆರಿಸಿ

ದಾರಿ ಆರಿಸುವಾಗ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಎಷ್ಟು ಪಾಲು ಹಸಿರು ದಾರಿ? ಮೇಲ್ಮೈ ಡಾಂಬರಾ, ಜಲ್ಲಿಯಾ, ಮಣ್ಣಾ? ಸುಸ್ತಾದರೆ ಅಥವಾ ಸೈಕಲ್ ಕೆಟ್ಟರೆ ಹತ್ತಿರ ರೈಲ್ವೆ ಸ್ಟೇಷನ್ ಇದೆಯಾ? ಮೂರನೆಯದನ್ನು ಯಾರೂ ಕೇಳುವುದೇ ಇಲ್ಲ. ಸಂಕಟ ಬಂದಾಗ ಕೈ ಹಿಡಿಯುವುದು ಮಾತ್ರ ಅದೇ.

ಗರೋನ್ ಕಾಲುವೆ 193 ಕಿ.ಮೀ. ಉದ್ದ. ಏರಿಯ ದಾರಿ ಬಹುಪಾಲು ಡಾಂಬರು. ಒಟ್ಟು 53 ಲಾಕ್‌ಗಳಿವೆ. ಲಾಕ್ ಅಂದರೆ ದೋಣಿಯನ್ನು ಮೇಲಕ್ಕೆ, ಕೆಳಕ್ಕೆ ದಾಟಿಸುವ ನೀರಿನ ಕಟ್ಟೆ. ಇಷ್ಟು ದೂರಕ್ಕೂ ಒಟ್ಟು ಏರು ಸುಮಾರು 130 ಮೀಟರ್ ಮಾತ್ರ. ಬೋರ್ಡೋ-ತುಲೂಸ್ ರೈಲು ಮಾರ್ಗ ಹತ್ತಿರದಲ್ಲೇ ಸಾಗುತ್ತದೆ. ಲಾ ರೆಯೋಲ್, ಮಾರ್ಮಾಂದ್, ಅಜೆನ್, ಮ್ವಾಸಾಕ್, ಗ್ರಿಜೋಲ್, ಎಲ್ಲ ಕಡೆ ಸ್ಟೇಷನ್ ಇದೆ.

ನಾಲ್ಕೇ ದಿನ ಬಿಡುವಿದ್ದರೆ ಬರ್ಗಂಡಿಯ ಜಿವ್ರಿ-ಕ್ಲುನಿ ದಾರಿ ನೋಡಿ. 44 ಕಿ.ಮೀ. ಉದ್ದದ ಹಳೇ ರೈಲು ದಾರಿ, 1997ರಲ್ಲಿ ತೆರೆದದ್ದು. ಕ್ಲುನಿಯಿಂದ ಮುಂದೆ ಮಾಕೋನ್ ಕಡೆಗೆ ಹೋಗುವಾಗ ಸುಮಾರು 1.6 ಕಿ.ಮೀ. ಸುರಂಗ ಸಿಗುತ್ತದೆ. ಬಾವಲಿಗಳಿಗಾಗಿ ಚಳಿಗಾಲದಲ್ಲಿ ಅದನ್ನು ಮುಚ್ಚುತ್ತಾರೆ. ಆಗ ಗುಡ್ಡ ಹತ್ತಿ ಇಳಿಯಬೇಕು.

ಒಂದು ಎಚ್ಚರಿಕೆ. ತುಲೂಸ್ ದಾಟಿದರೆ ಮಿಡಿ ಕಾಲುವೆ ಶುರುವಾಗುತ್ತದೆ. ಒಂದೇ ಉಸಿರಿಗೆ ಸಮುದ್ರದವರೆಗೆ ಹೋಗಿಬಿಡೋಣ ಅಂತ ಆಸೆ ಆಗುವುದು ಸಹಜ. ತುಲೂಸ್‌ನಿಂದ ಮೊದಲ 50 ಕಿ.ಮೀ. ಸುಮಾರು ನುಣುಪಾಗಿದೆ. ಕಾರ್ಕಸೋನ್ ಆಚೆ ಹಲವು ಕಡೆ ಮರದ ಬೇರು, ಕಲ್ಲು, ಒಂದಡಿ ಅಗಲದ ಕಾಲುದಾರಿ. ಸಪೂರ ಟಯರ್, ಎರಡು ಚೀಲ ಹೊತ್ತ ಸೈಕಲ್‌ಗೆ ಅದು ಹಿಂಸೆ. ಮೊದಲ ಪ್ರವಾಸದಲ್ಲಿ ಅದು ಬೇಡ.

ಹಂತ 3: ತಿಂಗಳು ಮತ್ತು ದಿಕ್ಕು ಗೊತ್ತುಮಾಡಿ

ಮೇ ಮಧ್ಯದಿಂದ ಜೂನ್, ಇಲ್ಲವೇ ಸೆಪ್ಟೆಂಬರ್. ಜುಲೈ-ಆಗಸ್ಟ್‌ನಲ್ಲಿ ಬಿಸಿಲು ಜೋರು, ರೂಮುಗಳೂ ತುಂಬಿರುತ್ತವೆ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯವರೆಗೆ ಬೆಳಕು ಇರುತ್ತದೆ. ಹಾಗಂತ ತಡವಾಗಿ ಹೊರಡಬೇಡಿ. ಬಿಸಿಲೇರುವ ಮೊದಲೇ ಅರ್ಧ ದೂರ ಮುಗಿಸಿಬಿಡಿ. ಚಳಿಗಾಲದಲ್ಲಿ ದುರಸ್ತಿಗೆ ಕಾಲುವೆಯ ನೀರು ಇಳಿಸುತ್ತಾರೆ, ಏರಿ ದಾರಿಯೂ ಅಲ್ಲಲ್ಲಿ ಬಂದ್ ಆಗಬಹುದು.

ಇಲ್ಲಿ ಪಶ್ಚಿಮದ ಗಾಳಿ ಜಾಸ್ತಿ. ಬೋರ್ಡೋದಿಂದ ತುಲೂಸ್ ಕಡೆಗೆ ಹೋದರೆ ಅದು ಬೆನ್ನಿಗೆ ಬೀಸುತ್ತದೆ. ತುಲೂಸ್ ಸುತ್ತ ಆಗ್ನೇಯದಿಂದ ಬರುವ 'ಒತಾನ್' ಗಾಳಿ ಎದ್ದರೆ ಮಾತ್ರ ಎದೆಗೇ ಹೊಡೆಯುತ್ತದೆ. ಅಂಥ ದಿನ 60 ಕಿ.ಮೀ. ಅಂದುಕೊಂಡಿದ್ದರೆ 40ಕ್ಕೆ ನಿಲ್ಲಿಸಿ, ಉಳಿದದ್ದಕ್ಕೆ ರೈಲು ಹತ್ತಿ.

ಹಂತ 4: ದಿನಗಳನ್ನು ಕತ್ತರಿಸಿ

ಭಾನುವಾರ ಬೆಳಿಗ್ಗೆ 100 ಕಿ.ಮೀ. ತುಳಿಯುವವರು ಇಲ್ಲೂ ದಿನಕ್ಕೆ 100 ಅಂತ ಲೆಕ್ಕ ಹಾಕುತ್ತಾರೆ. ಅಲ್ಲಿ ಬೆನ್ನಿಗೆ ಬರೀ ನೀರಿನ ಬಾಟಲಿ. ಇಲ್ಲಿ ಹತ್ತು-ಹನ್ನೆರಡು ಕೆಜಿ ಸಾಮಾನು, ಅದೂ ಸತತ ಐದಾರು ದಿನ. 45ರಿಂದ 55 ಕಿ.ಮೀ. ಸಾಕು. ನನ್ನ ಹಂಚಿಕೆ ಹೀಗೆ:

ಮೊದಲ ದಿನ ಬೋರ್ಡೋದಿಂದ ಸೋವ್‌ತೆರ್, ಸುಮಾರು 57 ಕಿ.ಮೀ. ರೋಜೆ ಲಪೆಬಿ ಹೆಸರಿನ ಹಳೇ ರೈಲು ದಾರಿ.

ಎರಡನೇ ದಿನ ಸೋವ್‌ತೆರ್‌ನಿಂದ ಲಾ ರೆಯೋಲ್, ನದಿ ದಾಟಿ ಫೊಂತೆಯಲ್ಲಿ ಕಾಲುವೆ ಸೇರಿ ಲ ಮಾ ದಜೆನೆ. ಸುಮಾರು 40 ಕಿ.ಮೀ. ಇದರಲ್ಲಿ ಮೊದಲ 14 ಕಿ.ಮೀ. ಹಸಿರು ದಾರಿ ಅಲ್ಲ. ಗುಡ್ಡಗಳ ನಡುವಿನ ಸಣ್ಣ ರಸ್ತೆ. ಇಡೀ ಪ್ರವಾಸದಲ್ಲಿ ಕಾರು ಎದುರಾಗುವ ದೊಡ್ಡ ತುಂಡು ಇದೊಂದೇ. ಮಕ್ಕಳಿದ್ದರೆ ಅಥವಾ ಅಳುಕಿದ್ದರೆ ಬೋರ್ಡೋದಿಂದ ಲಾ ರೆಯೋಲ್‌ಗೆ ರೈಲಿನಲ್ಲೇ ಬಂದು ಅಲ್ಲಿಂದ ಶುರುಮಾಡಿ.

ಮೂರನೇ ದಿನ ಅಜೆನ್, ಸುಮಾರು 47. ನಾಲ್ಕನೇ ದಿನ ಮ್ವಾಸಾಕ್, ಸುಮಾರು 44. ಐದನೇ ದಿನ ಮೊಂತೆಶ್, ಬರೀ 21. ಈ ದಿನ ಬೇಕಂತಲೇ ಚಿಕ್ಕದು. ಮಳೆ, ಪಂಕ್ಚರ್, ಮೈಕೈ ನೋವು, ಏನೇ ಇದ್ದರೂ ಸುಧಾರಿಸಿಕೊಳ್ಳಲು ಜಾಗ ಬೇಕು. ಆರನೇ ದಿನ ತುಲೂಸ್, 43.

ಹಂತ 5: ರೂಮು, ವೀಸಾ, ಆಮೇಲೆ ಟಿಕೆಟ್

ತಂಗಲು 'ಅಕೇಯ್ ವೆಲೊ' ಗುರುತು ಇರುವ ಜಾಗ ಹುಡುಕಿ. ಇವು ಗುರುತು ಹಾಕಿದ ಸೈಕಲ್ ಮಾರ್ಗದಿಂದ 5 ಕಿ.ಮೀ. ಒಳಗೆ ಇರಬೇಕು, ಸೈಕಲ್ ಇಡಲು ಭದ್ರ ಜಾಗ ಇರಬೇಕು ಅನ್ನುವುದು ನಿಯಮ. ಕಾಲುವೆಯಿಂದ ಊರು ಎಷ್ಟು ದೂರ, ನಡುವೆ ಎಂಥ ರಸ್ತೆ ಅಂತ ಮೊದಲೇ ನೋಡಿ. ಮಾರ್ಮಾಂದ್ ಊರು ಕಾಲುವೆಯಿಂದ ಸುಮಾರು 5 ಕಿ.ಮೀ. ದೂರ, ನದಿಯ ಆಚೆ ದಡದಲ್ಲಿ. ದಿನವಿಡೀ ನೆಮ್ಮದಿಯಾಗಿ ಬಂದು, ಸಂಜೆ ರೂಮಿಗಾಗಿ ದಟ್ಟ ರಸ್ತೆಗೆ ಇಳಿಯುವುದು ಬೇಡ ಅಲ್ವಾ? ಅದಕ್ಕೇ ನಾನು ಆ ಊರನ್ನು ಬಿಟ್ಟಿದ್ದೇನೆ.

ಭಾರತದಿಂದ ಹೋಗುವವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕಡೇಪಕ್ಷ 15 ದಿನ ಮೊದಲು ಹಾಕಲೇಬೇಕು. ಪ್ರತಿ ರಾತ್ರಿ ಎಲ್ಲಿ ತಂಗುತ್ತೀರಿ ಅನ್ನುವ ದಾಖಲೆ ಕೇಳುತ್ತಾರೆ. 'ಸೈಕಲ್‌ನಲ್ಲಿ ಎಲ್ಲಿಗೆ ಮುಟ್ಟುತ್ತೇವೋ ಅಲ್ಲಿ' ಅನ್ನುವ ಉತ್ತರ ನಡೆಯುವುದಿಲ್ಲ. ಅದಕ್ಕೇ ದಿನಗಳ ಹಂಚಿಕೆ ಮೊದಲೇ ಆಗಬೇಕು. ಹಣ ಕಳೆದುಕೊಳ್ಳದೆ ರದ್ದು ಮಾಡಬಹುದಾದ ರೂಮನ್ನೇ ಹಿಡಿಯಿರಿ. ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿರಬೇಕು. ಸೈಕಲ್ ಓಡಿಸುವಾಗ ಬಿದ್ದರೆ ಹಣ ಸಿಗುತ್ತದಾ ಅಂತ ವಿಮೆ ಕಾಗದದಲ್ಲಿ ಓದಿ ನೋಡಿ.

ಹಂತ 6: ಸೈಕಲ್ ಬಾಡಿಗೆಗೆ ಪಡೆಯುವಾಗ ಅರ್ಧ ಗಂಟೆ ಕೊಡಿ

ಒಂದು ವಾರಕ್ಕೆ ಭಾರತದಿಂದ ಸೈಕಲ್ ಹೊತ್ತುಕೊಂಡು ಹೋಗುವುದು ನನ್ನ ಪ್ರಕಾರ ಲಾಭವಿಲ್ಲದ ಕೆಲಸ. ಬೋರ್ಡೋದಲ್ಲಿ ಪಡೆದು ತುಲೂಸ್‌ನಲ್ಲಿ ಬಿಡುವ ಬಾಡಿಗೆ ಸಿಗುತ್ತದೆ. ಬೇರೆ ಊರಲ್ಲಿ ಬಿಡುವುದಕ್ಕೆ ಸ್ವಲ್ಪ ಜಾಸ್ತಿ ಕೊಡಬೇಕು. ಕಾರ್ಡ್ ಮೇಲೆ ಮುಂಗಡ ಹಿಡಿಯುತ್ತಾರೆ, ಹಾಗಾಗಿ ಕಾರ್ಡ್‌ನ ವಿದೇಶಿ ಬಳಕೆಯನ್ನು ಹೊರಡುವ ಮೊದಲೇ ತೆರೆದಿಡಿ. ಟಯರ್ 35 ಮಿ.ಮೀ. ಅಥವಾ ಅದಕ್ಕಿಂತ ಅಗಲ ಇರಲಿ.

ಅಂಗಡಿಯಲ್ಲಿ ಎರಡು ವಿಷಯ ಕಲಿಯದೆ ಹೊರಗೆ ಬರಬೇಡಿ.

ಒಂದು, ಬ್ರೇಕ್. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕು ಮುಂದಿನ ಚಕ್ರಕ್ಕೆ. ಫ್ರಾನ್ಸ್‌ನಲ್ಲಿ ಮುಂದಿನ ಚಕ್ರದ ಬ್ರೇಕು ಎಡಗೈಗೆ ಬರುತ್ತದೆ. ಗಾಬರಿಯಾದಾಗ ತಲೆ ಯೋಚಿಸುವುದಿಲ್ಲ, ಕೈಗೆ ರೂಢಿಯಾದದ್ದೇ ನಡೆಯುತ್ತದೆ. ನಾನು ಮೊದಲ ದಿನ ತಡೆಗಂಬಿಯೊಂದರ ಮುಂದೆ ಎಡಗೈಯನ್ನು ಜೋರಾಗಿ ಹಿಡಿದೆ. ಹಿಂದಿನ ಚಕ್ರ ನೆಲ ಬಿಟ್ಟು ಎದ್ದಿತು. ಎದೆ ಡವಡವ ಅಂದದ್ದು ಇನ್ನೂ ನೆನಪಿದೆ. ಅದಕ್ಕೇ ಹೇಳುತ್ತೇನೆ, ಖಾಲಿ ಜಾಗದಲ್ಲಿ ಇಪ್ಪತ್ತು ಸಲ ನಿಧಾನಕ್ಕೆ ಬ್ರೇಕ್ ಹಾಕಿ, ಕೈಗೆ ರೂಢಿ ಮಾಡಿಸಿ. ಚೀಲ ಕಟ್ಟಿದ ಮೇಲೆ ಮತ್ತೆ ಇಪ್ಪತ್ತು ಸಲ.

ಎರಡು, ಟ್ಯೂಬಿನ ವಾಲ್ವ್. ಅಲ್ಲಿ ಬಹಳ ಸೈಕಲ್‌ಗಳಿಗೆ ಸಪೂರದ ಪ್ರೆಸ್ಟಾ ವಾಲ್ವ್ ಇರುತ್ತದೆ. ಕ್ಯಾಪ್ ತೆಗೆದು ಪಂಪ್ ಒತ್ತಿದರೆ ಗಾಳಿ ಹೋಗುವುದಿಲ್ಲ. ತುದಿಯಲ್ಲಿ ಜೋಳದ ಕಾಳಿಗಿಂತ ಚಿಕ್ಕ ಹಿತ್ತಾಳೆ ತಿರುಪು ಇರುತ್ತದೆ. ಅದನ್ನು ಎಡಕ್ಕೆ ತಿರುಗಿಸಿ ಸಡಿಲ ಮಾಡಿ, ಬೆರಳಿನಿಂದ ಒಮ್ಮೆ ಮೆಲ್ಲಗೆ ಒತ್ತಿ. ಪುಸ್ ಅಂತ ಸದ್ದು ಬಂದರೆ ವಾಲ್ವ್ ತೆರೆದಿದೆ. ಆಮೇಲೆ ಪಂಪ್ ಹಾಕಿ. ಗಾಳಿ ತುಂಬಿದ ಮೇಲೆ ತಿರುಪು ಬಿಗಿ ಮಾಡುವುದನ್ನು ಮರೆಯಬೇಡಿ. ಇದು ಗೊತ್ತಿಲ್ಲದೆ 'ಪಂಪೇ ಕೆಟ್ಟಿದೆ' ಅಂದುಕೊಂಡು ಹತ್ತು ಕಿ.ಮೀ. ತಳ್ಳಿಕೊಂಡು ಹೋದವರಿದ್ದಾರೆ.

ಬೆಲ್, ಮುಂದೆ ಬಿಳಿ ಅಥವಾ ಹಳದಿ ದೀಪ, ಹಿಂದೆ ಕೆಂಪು ದೀಪ, ಇವು ಕಾನೂನಿನಂತೆ ಬೇಕು. ಊರ ಹೊರಗೆ ರಾತ್ರಿ ಅಥವಾ ಮಂಜು ಕವಿದಾಗ ಮಿಂಚುವ ಜಾಕೆಟ್ ಕಡ್ಡಾಯ. 12 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ, ದೊಡ್ಡವರೂ ಹಾಕಿಕೊಳ್ಳಿ. ಓಡಿಸುವಾಗ ಕಿವಿಗೆ ಇಯರ್‌ಫೋನ್ ಹಾಕುವಂತಿಲ್ಲ. ಹೊರಡುವ ಮೊದಲು ಸೈಕಲ್‌ನ ನಾಲ್ಕೂ ಕಡೆಯ ಫೋಟೋ ತೆಗೆದಿಟ್ಟುಕೊಳ್ಳಿ.

ಹಂತ 7: ಸಾಮಾನು ಕಟ್ಟಿ, ಮನೆಯ ಹತ್ತಿರವೇ ಪರೀಕ್ಷಿಸಿ

ಬೆನ್ನಿಗೆ ಚೀಲ ಹಾಕಲೇಬೇಡಿ. ಎರಡನೇ ದಿನಕ್ಕೆ ಸೊಂಟ ಹೋಗುತ್ತದೆ. ಹಿಂದಿನ ಕ್ಯಾರಿಯರ್‌ಗೆ ಎರಡು ಬದಿ ನೀರು ಹೀರದ ಚೀಲ, ಎರಡರ ತೂಕವೂ ಒಂದೇ ಇರಲಿ. ಸಲಕರಣೆ: ಅಳತೆ ಸರಿಯಿರುವ ಎರಡು ಟ್ಯೂಬ್, ಪ್ಯಾಚ್, ಟಯರ್ ಬಿಚ್ಚುವ ಲಿವರ್, ಪ್ರೆಸ್ಟಾಗೆ ಕೂರುವ ಪಂಪ್, ಅಲನ್ ಕೀ ಗೊಂಚಲು, ಗಟ್ಟಿ ಬೀಗ. ಪವರ್ ಬ್ಯಾಂಕ್, ತೆಳು ಮಳೆ ಅಂಗಿ.

ಹೊರಡುವ ಮುನ್ನ ಇಷ್ಟೂ ತೂಕ ಹೇರಿಕೊಂಡು ಸತತ ಎರಡು ದಿನ 50 ಕಿ.ಮೀ. ತುಳಿಯಿರಿ. ಎರಡನೇ ದಿನ ಬೆಳಿಗ್ಗೆ ಸೀಟಿನ ಮೇಲೆ ಕೂತಾಗ ಏನನ್ನಿಸುತ್ತದೆ ಅನ್ನುವುದೇ ಪರೀಕ್ಷೆ. ಮೊಣಕಾಲು ನೋಯುತ್ತಿದ್ದರೆ ಬಹಳ ಸಲ ಸೀಟು ತಗ್ಗಾಗಿರುತ್ತದೆ. ಅದನ್ನು ಸರಿಮಾಡಿಕೊಂಡ ಅಳತೆ ಬರೆದಿಟ್ಟುಕೊಂಡರೆ ಬಾಡಿಗೆ ಸೈಕಲ್‌ಗೂ ಬಳಸಬಹುದು.

ಹಂತ 8: ರೈಲಿನಲ್ಲಿ ಸೈಕಲ್

'ಟಿಇಆರ್' ಅನ್ನುವ ಪ್ರಾಂತ್ಯದ ರೈಲುಗಳಲ್ಲಿ ಸೈಕಲ್ ಒಯ್ಯುವುದು ಸಾಮಾನ್ಯವಾಗಿ ಉಚಿತ. ಕೆಲವು ಪ್ರಾಂತ್ಯಗಳಲ್ಲಿ ಬೇಸಿಗೆಯಲ್ಲಿ ಮೊದಲೇ ಜಾಗ ಕಾಯ್ದಿರಿಸಬೇಕು. ಟಿಜಿವಿ ಅನ್ನುವ ಅತಿವೇಗದ ರೈಲು, ಅಂತರ್‌ನಗರ ರೈಲುಗಳಲ್ಲಿ ಸೈಕಲ್‌ಗೂ ಟಿಕೆಟ್ ಬೇಕು, ಜಾಗವೂ ಕಡಿಮೆ. ಪ್ಯಾರಿಸ್‌ನಿಂದ ಬೋರ್ಡೋಗೆ ಟಿಜಿವಿಯಲ್ಲಿ ಬಂದು ಅಲ್ಲೇ ಸೈಕಲ್ ಪಡೆದರೆ ಈ ತಲೆನೋವೇ ಇಲ್ಲ.

ರೈಲು ಬರುವ ಐದು ನಿಮಿಷ ಮೊದಲೇ ಚೀಲ ಬಿಚ್ಚಿ ಕೈಯಲ್ಲಿ ಹಿಡಿಯಿರಿ. ಬಾಗಿಲ ಹತ್ತಿರ ಸೈಕಲ್ ಚಿತ್ರ ಇರುವ ಡಬ್ಬಿ ಹುಡುಕಿ. ಸಣ್ಣ ಸ್ಟೇಷನ್‌ಗಳಲ್ಲಿ ಲಿಫ್ಟ್ ಇರುವುದಿಲ್ಲ, ಮೆಟ್ಟಿಲಲ್ಲಿ ಹೊರಬೇಕು. ಬೆಳಿಗ್ಗೆ, ಸಂಜೆ ಆಫೀಸಿನ ಹೊತ್ತು ಬೇಡ.

ಹಂತ 9: ದಾರಿಯ ಮೇಲೆ

ಬಲಗಡೆ ಚಲಿಸಿ. ಹಸಿರು ದಾರಿಯಲ್ಲಿ ಬೇಗ ಅಭ್ಯಾಸವಾಗುತ್ತದೆ. ತಪ್ಪುವುದು ಊಟ ಮುಗಿಸಿ ಮತ್ತೆ ಹೊರಡುವಾಗ. ಖಾಲಿ ರಸ್ತೆಯಲ್ಲಿ ಕಾಲು ತಾನಾಗಿ ಎಡಕ್ಕೆ ಎಳೆಯುತ್ತದೆ. ಪ್ರತಿ ಸಲ ಹತ್ತುವಾಗ 'ಬಲ' ಅಂತ ಬಾಯಿಬಿಟ್ಟು ಹೇಳಿಕೊಳ್ಳಿ.

ಹಳ್ಳಿಯೊಳಗೆ 'ಬಲಕ್ಕೆ ಆದ್ಯತೆ' ನಿಯಮ ನೆನಪಿರಲಿ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯ ಸಣ್ಣ ಗಲ್ಲಿಯಿಂದ ಬರುವ ಕಾರಿಗೇ ಮೊದಲ ಹಕ್ಕು. ಅವರು ನಿಲ್ಲಿಸುವುದಿಲ್ಲ, ನಾವೇ ನಿಲ್ಲಬೇಕು.

ಕಾಲುವೆಯ ದಾರಿಯಲ್ಲಿ ನಾಲ್ಕು ಕಡೆ ವೇಗ ಇಳಿಸಿ. ರಸ್ತೆ ಅಡ್ಡ ಬರುವಲ್ಲಿನ ತಡೆಗಂಬಿಗಳ ನಡುವೆ ಚೀಲ ಸಿಕ್ಕಿಕೊಳ್ಳುತ್ತದೆ, ಇಳಿದು ತಳ್ಳಿ. ಸೇತುವೆಯ ಕೆಳಗೆ ದಾರಿ ಕಿರಿದಾಗುತ್ತದೆ, ಎದುರಿನವರು ಕಾಣುವುದಿಲ್ಲ. ಬೆಲ್ ಹೊಡೆದು ಒಬ್ಬೊಬ್ಬರಾಗಿ ಹೋಗಿ. ದಡದಲ್ಲಿರುವ 'ಪ್ಲೇನ್' ಜಾತಿಯ ದೊಡ್ಡ ಮರಗಳ ಸಾಲಿನಲ್ಲಿ ಬೇರುಗಳು ಡಾಂಬರನ್ನು ಎತ್ತಿರುತ್ತವೆ. ಎಲೆಗಳ ನೆರಳು ಬೆಳಕು ಬಿದ್ದ ಕಡೆ ಆ ಉಬ್ಬು ಕಣ್ಣಿಗೆ ಬೀಳುವುದೇ ಇಲ್ಲ, ಸೀಟಿನಿಂದ ಸ್ವಲ್ಪ ಎದ್ದು ದಾಟಿ. ನಾಲ್ಕನೆಯದು ಮಳೆ ಬಿದ್ದ ಮರದ ಹಲಗೆಯ ಕಿರುಸೇತುವೆ. ಅಲ್ಲಿ ಬ್ರೇಕೂ ಬೇಡ, ತಿರುಗಿಸುವುದೂ ಬೇಡ.

ಮೀನು ಹಿಡಿಯುವವರ ಉದ್ದ ಗಾಳದ ಕೋಲು ದಾರಿಗೆ ಅಡ್ಡ ಇರಬಹುದು. ದೂರದಿಂದಲೇ 'ಬೋಂಜೂರ್' ಅನ್ನಿ. ಅಂಗಡಿ, ಹೋಟೆಲ್, ಎಲ್ಲಿಗೆ ಹೋದರೂ ಈ ಮಾತು ಮೊದಲು. ಅದನ್ನು ಹೇಳದೆ ನೇರ ಪ್ರಶ್ನೆ ಕೇಳಿದರೆ ಅಲ್ಲಿನವರಿಗೆ ಅದು ಒರಟುತನ.

ಹಂತ 10: ಊಟ, ನೀರು

ಹಳ್ಳಿಯ ಹೋಟೆಲ್‌ಗಳಲ್ಲಿ ಮಧ್ಯಾಹ್ನದ ಊಟ 12ರಿಂದ 2ರವರೆಗೆ. ಎರಡೂಕಾಲಿಗೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ. ರಾತ್ರಿ ಊಟ 7ರ ಮೇಲೆ. ಭಾನುವಾರ ಮಧ್ಯಾಹ್ನದ ನಂತರ ಮತ್ತು ಸೋಮವಾರ ಬಹಳ ಅಂಗಡಿಗಳು ಬಂದ್. ಶನಿವಾರವೇ ಎರಡು ದಿನದ್ದು ಕೊಂಡಿಡಿ. ಬ್ರೆಡ್, ಚೀಸ್, ಟೊಮೇಟೊ, ಹಣ್ಣು. ಮನೆಯ ಚಟ್ನಿಪುಡಿ ಒಂದು ಪೊಟ್ಟಣ ಇದ್ದರೆ ಎಷ್ಟು ಸಮಾಧಾನ ಅಂತ ಮೂರನೇ ದಿನ ಗೊತ್ತಾಗುತ್ತದೆ. ತುಪ್ಪ, ಪೇಡ ಮಾತ್ರ ಬೇಡ. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ.

ಸಸ್ಯಾಹಾರಿಗಳು 'ಲಾರ್ದೋನ್' ಅನ್ನುವ ಪದ ಕಲಿಯಿರಿ. ಅದು ಹಂದಿಮಾಂಸದ ಸಣ್ಣ ತುಂಡು. ಮೇಕೆ ಚೀಸಿನ ಸಲಾಡ್‌ನಲ್ಲೂ, ಮೊಟ್ಟೆ-ಕೆನೆ ಹಾಕಿ ಬೇಯಿಸುವ 'ಕೀಶ್' ಅನ್ನುವ ತಿಂಡಿಯಲ್ಲೂ ಹೇಳದೆಯೇ ಹಾಕಿರುತ್ತಾರೆ. 'ಸಾನ್ ವಿಯಾಂದ್, ಸಾನ್ ಪ್ವಾಸೋನ್, ಸಾನ್ ಲಾರ್ದೋನ್' ಅಂದರೆ ಮಾಂಸ, ಮೀನು, ಲಾರ್ದೋನ್ ಯಾವುದೂ ಬೇಡ ಅಂತ.

ಹಳ್ಳಿಯ ಸ್ಮಶಾನಗಳಲ್ಲಿ ಸಾಮಾನ್ಯವಾಗಿ ನಲ್ಲಿ ಇರುತ್ತದೆ. ಸೈಕಲ್‌ನವರು ಅಲ್ಲಿ ನೀರು ತುಂಬಿಸಿಕೊಳ್ಳುತ್ತಾರೆ. ಆದರೆ ಫಲಕ ಓದಿ. 'ಓ ಪೊತಾಬ್ಲ್' ಕುಡಿಯುವ ನೀರು. ನಡುವೆ 'ನೋನ್' ಸೇರಿದ್ದರೆ ಕುಡಿಯಬೇಡಿ.

ಹಂತ 11: ದಾರಿ ತಪ್ಪುತ್ತಿರುವ ಸೂಚನೆಗಳು

ಎರಡು ಕಿ.ಮೀ. ಹೋದರೂ ಸೈಕಲ್ ಫಲಕ ಕಾಣದಿದ್ದರೆ ನಿಲ್ಲಿ. ಕಾಲುವೆ ಕಣ್ಮರೆಯಾದರೆ ನಿಲ್ಲಿ. ಏರಿ ದಾರಿ ಸೇತುವೆಯ ಹತ್ತಿರ ಆಚೆ ದಡಕ್ಕೆ ಹೊರಳುವುದುಂಟು. ಬಹಳ ಜನ ತಪ್ಪುವುದು ಅಲ್ಲೇ. ಈಚೆ ದಡದಲ್ಲೇ ಮುಂದುವರಿದರೆ ಡಾಂಬರು ಮುಗಿದು ಹುಲ್ಲು ಶುರುವಾಗುತ್ತದೆ. ಹುಲ್ಲು ಕಂಡ ತಕ್ಷಣ ಹಿಂದಿನ ಸೇತುವೆಗೆ ವಾಪಸ್ ಬನ್ನಿ. 'ಮುಂದೆ ಸೇರಿಕೊಳ್ಳಬಹುದು' ಅನ್ನುವ ಆಸೆ ಬೇಡ.

'ರೂತ್ ಬಾರೆ' ಅಂದರೆ ದಾರಿ ಬಂದ್. ಕೆಳಗೆ ಸೈಕಲ್‌ಗೆ ಬದಲಿ ದಾರಿಯ ಬಾಣ ಇದೆಯಾ ನೋಡಿ. ಇಲ್ಲದಿದ್ದರೆ ಫೋನಿನ ನಕ್ಷೆ ತೆಗೆಯಿರಿ. ಓಸ್ಮ್‌ಆಂಡ್‌ನಂಥ ಆ್ಯಪ್‌ನಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡಿದ್ದರೆ ಸಿಗ್ನಲ್ ಇಲ್ಲದಿದ್ದರೂ ನಡೆಯುತ್ತದೆ.

ಇಲ್ಲೇ ಎಲ್ಲಕ್ಕಿಂತ ದೊಡ್ಡ ಅಪಾಯ ಇದೆ. 'ಡಿ' ಅಕ್ಷರದ ರಸ್ತೆ ಅಂದರೆ ಜಿಲ್ಲಾ ರಸ್ತೆ. ಹಾಗಾಗಿ ಸಣ್ಣದು, ಖಾಲಿ ಅಂತ ಜನ ನಂಬುತ್ತಾರೆ. 2006ರ ಸುಮಾರಿಗೆ ಬಹಳಷ್ಟು ರಾಷ್ಟ್ರೀಯ ಹೆದ್ದಾರಿಗಳನ್ನು ಜಿಲ್ಲೆಗಳಿಗೆ ವಹಿಸಿ 'ಡಿ' ಸಂಖ್ಯೆ ಕೊಟ್ಟರು. ಕಾಲುವೆಯ ಪಕ್ಕದಲ್ಲೇ ಓಡುವ ಡಿ 813 ಹಿಂದೆ ರಾಷ್ಟ್ರೀಯ ಹೆದ್ದಾರಿ 113 ಆಗಿತ್ತು. ಲಾರಿಗಳ ಪಕ್ಕ ತುಳಿದೆವು ಅಂದವರಲ್ಲಿ ಬಹುಪಾಲು ಜನ ಸಿಕ್ಕಿಬಿದ್ದದ್ದು ಈ ರಸ್ತೆಯಲ್ಲೇ. ಮಿಶೆಲಿನ್ ಕಾಗದದ ನಕ್ಷೆಯಲ್ಲಿ ಬಣ್ಣ ನೋಡಿ. ಕೆಂಪು ರಸ್ತೆ ಬೇಡ. ಹಳದಿ ಅನಿವಾರ್ಯವಾದರೆ ಮಾತ್ರ. ಬಿಳಿ ಬಣ್ಣದ್ದು ನಮ್ಮದು.

ಬಿದ್ದರೆ, ಯಾರಿಗಾದರೂ ಹುಷಾರು ತಪ್ಪಿದರೆ 112ಕ್ಕೆ ಫೋನ್ ಮಾಡಿ. ಎಲ್ಲಿದ್ದೀರಿ ಅಂತ ಹೇಳುವುದು ಹೇಗೆ? ಲಾಕ್ ಪಕ್ಕದ ಹಳೇ ಕಾವಲು ಮನೆಯ ಗೋಡೆಗೆ ಫಲಕ ಬಡಿದಿರುತ್ತಾರೆ. ಅದರಲ್ಲಿ ಆ ಲಾಕ್‌ನ ಹೆಸರು, ಹಿಂದಿನ ಮತ್ತು ಮುಂದಿನ ಲಾಕ್‌ಗೆ ಎಷ್ಟು ದೂರ ಅನ್ನುವುದು ಇರುತ್ತದೆ. ದಾಟಿದ ಪ್ರತಿ ಲಾಕ್‌ನ ಫಲಕದ ಫೋಟೋ ತೆಗೆಯುತ್ತಾ ಹೋಗಿ. 'ಇಂಥ ಲಾಕ್ ದಾಟಿ ಒಂದು ಕಿ.ಮೀ., ತುಲೂಸ್ ಕಡೆಗೆ' ಅಂದರೆ ಸಾಕು, ಹುಡುಕಿಕೊಂಡು ಬರಲು ಅವರಿಗೆ ಸುಲಭ.

ಹಂತ 12: ತುಲೂಸ್ ಪ್ರವೇಶ ಮತ್ತು ಸೈಕಲ್ ವಾಪಸ್

ಕೊನೆಯ ಕೆಲವು ಕಿ.ಮೀ. ಕಾರ್ಖಾನೆ, ಗೋದಾಮುಗಳ ನಡುವೆ ಸಾಗುತ್ತದೆ. ದಾರಿ ಮಾತ್ರ ಬೇರೆಯೇ ಇದೆ, ಹೆದರಬೇಡಿ. ಮೂರು ಕಾಲುವೆಗಳು ಕೂಡುವ ನೀರಿನ ಕೊಳದ ಹತ್ತಿರ ಜೋಡಿ ಸೇತುವೆಗಳು ಸಿಗುತ್ತವೆ. ಅಲ್ಲಿಂದ ಮಿಡಿ ಕಾಲುವೆಯ ದಡ ಹಿಡಿದರೆ ಸುಮಾರು 3 ಕಿ.ಮೀ. ದೂರದಲ್ಲಿ ಮಾತಾಬಿಯೋ ರೈಲ್ವೆ ಸ್ಟೇಷನ್. ಈ ತುಂಡಿನಲ್ಲಿ ಎರಡೂ ಬದಿ ನಗರದ ವಾಹನ ಇರುತ್ತವೆ. ಸಿಗ್ನಲ್ ಇರುವ ಕಡೆ ಇಳಿದು ದಾಟಿ.

ಸೈಕಲ್ ವಾಪಸ್ ಕೊಡುವ ಮೊದಲು ಕೆಸರು ಒರೆಸಿ, ಬೋರ್ಡೋದಲ್ಲಿ ತೆಗೆದ ಹಾಗೇ ನಾಲ್ಕೂ ಕಡೆಯ ಫೋಟೋ ತೆಗೆಯಿರಿ. ಮುಂಗಡ ಬಿಡುಗಡೆ ಮಾಡಿದ ಬಗ್ಗೆ ಅಲ್ಲೇ ಕಾಗದ ಅಥವಾ ಇಮೇಲ್ ಪಡೆಯಿರಿ. ಆ ಅಂಗಡಿಯೂ ಮಧ್ಯಾಹ್ನ ಊಟಕ್ಕೆ ಮುಚ್ಚಬಹುದು, ಆದ್ದರಿಂದ ಸಂಜೆ ರೈಲು ಹಿಡಿಯುವವರು ಮೊಂತೆಶ್‌ನಿಂದ ಬೆಳಿಗ್ಗೆ ಏಳಕ್ಕೇ ಹೊರಡಿ.